ಹಿಡಿಕೆ ಮುಟ್ಟಬೇಡಿ

ಜೂನ್ 3, ಬೆಳಿಗ್ಗೆ

ಮೂರು ಟ್ರೇಲರ್ ಹೊರಟವು, ಕಾರಿಗೆ ಕಟ್ಟಿ ಎಳೆಯುವ ತಗಡಿನ ಮನೆಗಳು. ಎಲ್ಲರದೂ ಅದೇ ರಾಗ, ಅದೇ ಹಾಡು. ಕೊಳಚೆ ಪೈಪು ತೊಳೆದಿಲ್ಲ. ನಲ್ಲಿ ಅರ್ಧ ತಿರುಗಿಸಿ ಹೋಗಿದ್ದಾರೆ. ಕರೆಂಟ್ ಪೆಟ್ಟಿಗೆಯ ಮುಚ್ಚಳ ಬಾಯಿ ಬಿಟ್ಟುಕೊಂಡು ನಿಂತಿದೆ. ಮೊದಲು ಬ್ರೇಕರ್ ಇಳಿಸಿ ಕರೆಂಟ್ ನಿಲ್ಲಿಸಿ, ಆಮೇಲೆ ಪ್ಲಗ್ ಕೀಳಿ. ಹಾಕುವಾಗಲೂ ಅಷ್ಟೇ — ಎಷ್ಟು ಸಲ ಹೇಳುವುದು? ನನ್ನ ಬಾಯಿ ನೋಯುತ್ತದೆ, ಅವರ ಕಿವಿ ನೋಯುವುದಿಲ್ಲ. ಬಾಯ್ಡ್ ಟುಲ್ಸಾದಲ್ಲಿ ಏಸಿ ಕೆಳಗೆ ಕೂತು ಕ್ಯಾಂಪಿನ ಮಾಲೀಕ ಅನ್ನಿಸಿಕೊಳ್ಳುತ್ತಾನೆ. ಕೆರೆ ದಂಡೆಯಲ್ಲಿ ಇವರ ಹೊಲಸು ತುಳಿಯುವ ಉಸ್ತುವಾರಿ ನಾನು.

ಡಾಕ್ಟರಮ್ಮ ಹೇಳಿದ್ದಾಳೆ — ವೆಲ್ಡಾ, ಕೂಗಬೇಡ, ಬರೆದಿಡು, ಬಿ.ಪಿ. ಇಳಿಯುತ್ತೆ. ಬರೆಯುತ್ತಿದ್ದೇನೆ. ಇಳಿದಂತಿಲ್ಲ.

ಅದೇ ದಿನ, ಊಟ ಆದ ಮೇಲೆ

ಹೊಸಬರು. ಗಂಡ ರಾಯ್ಸ್, ಹೆಂಡತಿ ಟ್ವೈಲಾ. ತಿಂಗಳು ಪೂರ್ತಿ ಇರುತ್ತಾರಂತೆ. ಓಕ್ ಮರದ ಕೆಳಗಿನ ಜಾಗ ಕೊಟ್ಟೆ. ನಾನು ಟೆಸ್ಟರ್ ತರುವಷ್ಟರಲ್ಲಿ ಪುಣ್ಯಾತ್ಮ ಬ್ರೇಕರ್ ಇಳಿಸದೆ ಪ್ಲಗ್ ತುರುಕಿದ. ಚಟ್ ಅಂತ ಕಿಡಿ.

"ಏನಯ್ಯಾ, ಮೀಸೆ ಸುಟ್ಕೋಬೇಕು ಅಂತಿದ್ಯಾ? ಬ್ರೇಕರ್ ಯಾರು ಇಳಿಸ್ತಾರೆ, ನಿಮ್ಮಪ್ಪಾನಾ?"

"ನಾನು ಟ್ರೇಲರಲ್ಲೇ ಹುಟ್ಟಿದೋನು ಕಣಮ್ಮಾ. ನಿನ್ನ ಪಾಠ ಮಕ್ಕಳಿಗೆ ಹೇಳು."

ಟ್ವೈಲಾ ನಕ್ಕುಬಿಟ್ಟಳು, ನನ್ನ ಮಾತಿಗೆ. ಅವನ ಕೈ ಅವಳ ಕತ್ತಿನ ಹಿಂಭಾಗಕ್ಕೆ ಹೋಯಿತು. ಪ್ರೀತಿಯಿಂದ ಅನ್ನುವ ಹಾಗೆ. ಬೆರಳು ಬಿಳಿಚಿಕೊಳ್ಳುವಷ್ಟು ಹಿಚುಕಿದ. ನಗು ಅಲ್ಲೇ ನಿಂತಿತು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ಜೂನ್ 5

ಓಕ್ ಮರದ ಜಾಗದ ಬ್ರೇಕರ್ ಬೆಳಗಿನಿಂದ ಪದೇ ಪದೇ ತಾನಾಗಿ ಬೀಳುತ್ತಿದೆ, ಕರೆಂಟ್ ಹೋಗುತ್ತಿದೆ. ಪೆಟ್ಟಿಗೆ ಪರೀಕ್ಷೆ ಮಾಡಿದೆ, ಅದರಲ್ಲಿ ಏನೂ ದೋಷವಿಲ್ಲ. ಅವನ ಟ್ರೇಲರಿನ ಬಿಸಿನೀರಿನ ಹಂಡೆಯ ಕಾಯಿಲ್ ಒಡೆದಿದೆ, ಕರೆಂಟ್ ಸೋರುತ್ತಿದೆ. ಅದಕ್ಕೇ ಬ್ರೇಕರ್ ಬೀಳುವುದು — ಬೀಳಬೇಕಾದ್ದೇ. ಹೇಳಿದೆ.

"ನಿನ್ ಪೆಟ್ಟಿಗೇನೇ ಹಡಬೆ," ಅಂದ. ಒದ್ದ. ಪೆಟ್ಟಿಗೆಯ ಕಂಬ ವಾಲಿತು.

ಮಧ್ಯಾಹ್ನದ ಮೇಲೆ ಬ್ರೇಕರ್ ಬೀಳಲಿಲ್ಲ. ಏಸಿ ಗುಂಯ್‌ಗುಡುತ್ತಿದೆ. ಹಂಡೆ ರಿಪೇರಿ ಆಯಿತೇನಪ್ಪ ಅಂತ ಕೇಳಿದರೆ ಕಣ್ಣು ಹೊಡೆದ. ಆಗಲೇ ಬಗ್ಗಿ ಪ್ಲಗ್ ನೋಡಬೇಕಿತ್ತು. ಅವನ ಮುಖ ಕಂಡರೆ ವಾಕರಿಕೆ, ಬಂದುಬಿಟ್ಟೆ.

ಜೂನ್ 6

ಬಟ್ಟೆ ಒಗೆಯುವ ಕೋಣೆಯಲ್ಲಿ ಟ್ವೈಲಾ. ಒಂದು ಕಣ್ಣು ಮುಚ್ಚಿಹೋಗಿದೆ. ಮೆಷಿನ್ನಿಗೆ ಹಾಕುತ್ತಿದ್ದ ದಿಂಬಿನ ಚೀಲದ ತುಂಬ ರಕ್ತ.

"ಮೆಟ್ಲಲ್ಲಿ ಜಾರಿದೆ, ಮಿಸ್ ವೆಲ್ಡಾ."

"ಆ ಮೆಟ್ಲಿಗೆ ಉಂಗುರ ಹಾಕೋ ಅಭ್ಯಾಸ ಇದ್ಯಾ?" ಕೆನ್ನೆಯ ಮೇಲೆ ಉಂಗುರದ ಅಚ್ಚು ಒತ್ತಿತ್ತು.

ಅಳಲಿಲ್ಲ. ಬಾಯಿಂದ ಹಲ್ಲಿನ ಚೂರು ತೆಗೆದು ಸಿಂಕಿಗೆ ಹಾಕಿದಳು, ಅಕ್ಕಿಯ ಕಲ್ಲು ತೆಗೆದ ಹಾಗೆ. ಎರಡು ಸಲ ಬಿಟ್ಟು ಹೋಗಿದ್ದಳಂತೆ. ಮೊದಲ ಸಲ ತಂಗಿಯ ಮನೆ ಬಾಗಿಲು ಒಡೆದು ಎಳೆದು ತಂದ. ಎರಡನೇ ಸಲ ತಂಗಿಯ ದವಡೆಯನ್ನೇ ಒಡೆದ. "ಇನ್ನೊಂದ್ಸಲ ಹೋದ್ರೆ ಕೊಲ್ತೀನಿ ಅಂದಿದಾನೆ. ಅವನು ಸುಳ್ಳು ಹೇಳಲ್ಲ."

ಪೊಲೀಸಿಗೆ, ಶೆರಿಫ್ ಆಫೀಸಿಗೆ, ಫೋನ್ ಮಾಡಿದೆ. ಡೆಪ್ಯುಟಿ ಲೆಡ್‌ಬೆಟರ್ ಬಂದ. ನೇರ ಅವರ ಬಾಗಿಲು ತಟ್ಟಿದ. ರಾಯ್ಸ್ ಹೊರಗೆ ಕುರ್ಚಿ ಹಾಕಿ ಕೂರಿಸಿದ, ತಂಪು ಚಹಾ ಕೊಟ್ಟ. ಇಬ್ಬರೂ ಮೀನಿನ ಮಾತಾಡಿದರು. ಹೋಗುವಾಗ ನನ್ನ ಹತ್ತಿರ ಬಂದು—

"ಮೆಟ್ಲಲ್ಲಿ ಬಿದ್ದೆ ಅಂತ ಅವಳೇ ಹೇಳ್ತಿದಾಳಲ್ಲ, ಮಿಸ್ ವೆಲ್ಡಾ. ಗಂಡ ಹೆಂಡ್ರ ಜಗಳ ಉಂಡು ಮಲಗೋ ತನಕ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?"

"ಅವಳು ಉಣ್ಣೋಕೆ ಹಲ್ಲೆಲ್ಲಿದೆ ಕೇಳಿ ನೋಡು."

ಹ್ಯಾಟ್ ಸರಿ ಮಾಡಿಕೊಂಡು ಹೋದ. ಅವನ ಕಾರಿನ ಧೂಳು ಇಳಿಯುವ ಮೊದಲೇ ಓಕ್ ಮರದ ಟ್ರೇಲರ್ ಅಲುಗತೊಡಗಿತು. ಒಳಗೆ ಧಡ್... ಧಡ್... ತಲೆಯೋ ಮಂಡಿಯೋ ಗೋಡೆಗೆ ಬಡಿಯುತ್ತಿದೆ. ಬಾಣಲೆ ಹಿಡಿದು ಹೋಗಿ ಕೂಗಾಡಿದೆ. ಸದ್ದು ನಿಂತಿತು. ಸುತ್ತಲಿನವರು ಕಿಟಕಿ ಮುಚ್ಚಿಕೊಂಡು ಟೀವಿ ಜೋರು ಮಾಡಿದರು. ಥೂ.

ಬಾಯ್ಡ್‌ಗೆ ಫೋನ್ ಮಾಡಿದೆ, ಓಡಿಸೋಣ ಅಂದೆ. "ತಿಂಗಳ ಗಿರಾಕಿ ವೆಲ್ಡಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಫೋನ್ ಕುಕ್ಕಿದೆ. ಅದರ ಮೂಲೆಯೂ ಒಡೆಯಿತು.

ಜೂನ್ 9

ಮಳೆ. ರಾಯ್ಸ್ ಬಿಯರ್ ತರಲು ಹೋಗಿದ್ದ. ಟ್ವೈಲಾಗೆ ಸೂಪ್ ಕೊಟ್ಟು ಬರೋಣ ಅಂತ ಹೋದೆ. ಮನೆಯ ಚಪ್ಪಲಿ, ಒದ್ದೆ ಹುಲ್ಲು. ಬಾಗಿಲಿನ ಹಿಡಿಕೆಗೆ ಬೆರಳು ತಾಗಿತು — ಮೊಣಕೈ ತನಕ ಜುಮ್ಮೆಂದು ಎಳೆಯಿತು. ಪಾತ್ರೆ ಕೈಬಿಟ್ಟು ಹಿಂದಕ್ಕೆ ಬಿದ್ದೆ.

ತಗಡಿನ ಮೈಗೇ ಕರೆಂಟ್ ಬಂದಿದೆ. ಇಡೀ ಟ್ರೇಲರಿಗೆ.

ಟ್ರೇಲರಿನ ಹಿಂದಕ್ಕೆ ಹೋಗಿ ಪೆಟ್ಟಿಗೆಯ ಪ್ಲಗ್ ನೋಡಿದೆ. ಅರ್ಥ್ ಪಿನ್ ಇಲ್ಲ. ಗರಗಸದಲ್ಲಿ ಕುಯ್ದಿದ್ದಾನೆ. ಬ್ರೇಕರ್ ಬೀಳದಿರಲಿ ಅಂತ! ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಭೂಮಿಗೆ ಇಳಿಯಬೇಕಾದ ಕರೆಂಟ್ ತಗಡಿನಲ್ಲಿ ಕಾದು ಕೂತಿದೆ, ಯಾರಾದರೂ ಒದ್ದೆ ಕಾಲಲ್ಲಿ ಮುಟ್ಟಲಿ ಅಂತ.

ಮುಂದಕ್ಕೆ ಬಂದೆ, ಬಾಗಿಲು ತೆರೆಯಿತು. ಟ್ವೈಲಾ. ಮೊಣಕಾಲುದ್ದ ರಬ್ಬರ್ ಬೂಟು, ಮನೆಯೊಳಗೆ.

"ಹಿಡಿಕೆ ಮುಟ್ಬೇಡಿ, ಮಿಸ್ ವೆಲ್ಡಾ."

"ನಿನಗೆ ಗೊತ್ತಾ?"

"ಮೊನ್ನೆ ಸ್ನಾನ ಮಾಡಿ ಬರ್ತಾ ಹೊಡೀತು. ಅವನ ಬೂಟಿನ ಅಟ್ಟೆ ದಪ್ಪ, ಅವನಿಗೆ ಗೊತ್ತೇ ಆಗಿಲ್ಲ." ಧ್ವನಿ ತಗ್ಗಿಸಿದಳು. "ಶನಿವಾರ ಕೆರೇಲಿ ಈಜ್ತೀನಿ ಅಂದಿದಾನೆ. ಬರಿಗಾಲಲ್ಲಿ, ಒದ್ದೆ ಮೈಯಲ್ಲಿ ಬರ್ತಾನೆ. ಬಂದು ಬಾಗಿಲು ತೆಗೀತಾನೆ."

ಬಿದ್ದ ಪಾತ್ರೆ ಎತ್ತಿಕೊಂಡೆ.

"ನಾನೇನೂ ಮಾಡಿಲ್ಲ. ಪಿನ್ ಕುಯ್ದೋನು ಅವನೇ. ನೀವು ಸುಮ್ನಿದ್ರೆ ಸಾಕು. ದಮ್ಮಯ್ಯ."

ಬ್ರೇಕರ್ ಟ್ರೇಲರಿನ ಹಿಂದೆ, ನಾಲ್ಕು ಹೆಜ್ಜೆ. ಇಳಿಸುವುದು ನನ್ನ ಕೆಲಸ. ಇಳಿಸಲಿಲ್ಲ. ನನ್ನ ಟ್ರೇಲರಿಗೆ ಬಂದು ಬಾಗಿಲು ಹಾಕಿಕೊಂಡೆ. ಒಳಗೊಳಗೇ ಖುಷಿಯಾಯಿತು. ಬರೆಯಲು ನಾಚಿಕೆಯಿಲ್ಲ — ಖುಷಿಯಾಯಿತು. ಅವನು ಹಿಡಿಕೆ ಹಿಡಿದು ಸೆಟೆದುಕೊಳ್ಳುವುದನ್ನು ಕಣ್ಣಾರೆ ನೋಡುವ ಹಾಗೆ ಊಹಿಸಿಕೊಂಡೆ. ಎರಡು ಸಲ.

ಜೂನ್ 10, ಎಡಗೈಯಲ್ಲಿ ಬರೆಯುತ್ತಿದ್ದೇನೆ

ಬೆಳಿಗ್ಗೆ ಪಕ್ಕದ ಜಾಗದವರ ಪುಟ್ಟ ಹುಡುಗಿ ಬರಿಗಾಲಲ್ಲಿ ಚೆಂಡಾಡುತ್ತಿದ್ದಳು. ಚೆಂಡು ಉರುಳಿ ಓಕ್ ಮರದ ಟ್ರೇಲರಿನ ಕೆಳಗೆ. ಹುಡುಗಿ ಬಗ್ಗಿದಳು. ತಗಡಿನ ಅಂಚಿಗೆ ಕೈ ಊರಲು ಹೊರಟಳು. ಹುಲ್ಲು ಇನ್ನೂ ಒದ್ದೆ.

ಈ ವಯಸ್ಸಿನಲ್ಲಿ ನಾನು ಅಷ್ಟು ಓಡಬಲ್ಲೆ ಅಂತ ಗೊತ್ತಿರಲಿಲ್ಲ. ಹುಡುಗಿಯ ಜಡೆ ಹಿಡಿದು ಹಿಂದಕ್ಕೆ ಎಸೆದೆ. ಅವಳ ಅಮ್ಮ ನನ್ನನ್ನು ಬೈಯುತ್ತಾ ಬಂದಳು. ಬೈಯಲಿ. ಬ್ರೇಕರ್ ಇಳಿಸಿದೆ, ಪ್ಲಗ್ ಕಿತ್ತೆ, ಪೆಟ್ಟಿಗೆಗೆ ಬೀಗ ಜಡಿದೆ. ನಿನ್ನೆಯೇ ಮಾಡಬೇಕಿತ್ತು. ಕಿಟಕಿಯಲ್ಲಿ ಟ್ವೈಲಾ ಮುಖ. ಅವಳ ಕೊರಳಿನ ಹಗ್ಗ ನಾನೇ ಬಿಗಿದ ಹಾಗೆ ನೋಡಿದಳು.

ಏಸಿ ನಿಂತು ಟ್ರೇಲರ್ ಕುದಿಯತೊಡಗಿತು. ರಾಯ್ಸ್ ಎದ್ದು ಬಂದ. ಬೀಗ ತೆಗಿ ಅಂದ. ಆಗಲ್ಲ ಅಂದೆ. ಒತ್ತಿ ಹೇಳಿದ. ಕೆರೆಗೆ ಹೋಗಿ ಬೀಳು ಅಂದೆ. ನನ್ನ ಜೇಬಿಗೆ ಕೈ ಹಾಕಿ ಕೀಲಿ ಕಿತ್ತುಕೊಂಡ, ಮುಚ್ಚಳ ಎತ್ತಿದ. ತಡೆಯಲು ಕೈ ಅಡ್ಡ ಇಟ್ಟೆ. ಕಬ್ಬಿಣದ ಮುಚ್ಚಳವನ್ನು ನನ್ನ ಕೈಯ ಮೇಲೆ ಬಡಿದ. ಮತ್ತೆ ಎತ್ತಿ ಬಡಿದ. ಎರಡನೇ ಸಲ ಬೆರಳು ಮುರಿದ ಸದ್ದು ನನಗೇ ಕೇಳಿಸಿತು.

ನೋವು. ಕೋಪ. ಬಾಯಿಗೆ ಬಂದದ್ದು ಬಂತು.

"ಪಿನ್ ಕುಯ್ದು ತಗಡಿಗೆ ಕರೆಂಟ್ ಬಿಟ್ಟಿದೀಯಲ್ಲೋ ಮುಠ್ಠಾಳ! ಸಾಯ್ತೀಯ! ನಿನ್ ಹೆಂಡ್ತಿ ಮನೇಲೂ ಬೂಟು ಹಾಕ್ಕೊಂಡು ತಿರುಗ್ತಾಳೆ, ಅಷ್ಟೂ ಕಾಣ್ಸಲ್ವಾ ನಿನಗೆ?"

ಅವನ ಕೈ ನಿಂತಿತು. ಮೆಲ್ಲಗೆ ತಿರುಗಿದ. ಟ್ರೇಲರಿನ ಮೂಲೆಗೆ ಬಂದು ನಿಂತಿದ್ದ ಟ್ವೈಲಾಳ ಮುಖ ನೋಡಲಿಲ್ಲ. ಕಾಲು ನೋಡಿದ.

ಆಡಿದ ಮಾತು, ಒಡೆದ ಮುತ್ತು... ನಾನು ಸತ್ತರೂ ಆ ಮಾತು ವಾಪಸ್ ಬರುವುದಿಲ್ಲ.

ಹೊಡೆಯಲಿಲ್ಲ ಅವಳನ್ನು. ನಕ್ಕ. ಕೀಲಿ ನನ್ನ ಕಾಲ ಬಳಿ ಎಸೆದು ಹೋದ. ಅದಕ್ಕೇ ಹೆಚ್ಚು ಹೆದರಿಕೆ. ಎಡಗೈಯಲ್ಲೇ ಪೆಟ್ಟಿಗೆಗೆ ಮತ್ತೆ ಬೀಗ ಹಾಕಿದೆ. ಪಕ್ಕದವರು ಗಾಡಿ ಕಟ್ಟಿಕೊಂಡು ಹೊರಟರು. ಅವರೇ ನನ್ನನ್ನು ಆಸ್ಪತ್ರೆಗೆ ಬಿಟ್ಟರು.

ಜೂನ್ 11

ಲೆಡ್‌ಬೆಟರ್‌ಗೆ ಫೋನ್ ಮಾಡಿದೆ. ಕೈ ಮುರಿದಿದೆ ಅಂದೆ. ನಾಳೆ ಬಂದು ಬರ್ಕೊಂಡು ಹೋಗ್ತೀನಿ ಅಂದ.

ಟ್ವೈಲಾ ಹೊರಗೆ ಬರುತ್ತಿಲ್ಲ. ರಾಯ್ಸ್ ಕುರ್ಚಿ ಹಾಕಿ ಬಾಗಿಲಿಗೇ ಕೂತಿದ್ದಾನೆ. ಆಕಾಶ ನೋಡುತ್ತಾನೆ. ಮಳೆ ಯಾವಾಗ ಅಂತ ನನ್ನನ್ನೇ ಕೇಳಿದ. ಅವನಿಗ್ಯಾಕೆ ಮಳೆಯ ಚಿಂತೆ, ಅರ್ಥವಾಗಲಿಲ್ಲ ನನಗೆ.

ಜೂನ್ 12

ಸಹಾಯ ಬರುವ ತನಕ ಬರೆಯುತ್ತಿದ್ದೇನೆ. ಟ್ವೈಲಾ ನನ್ನ ಮಂಚದ ಮೇಲಿದ್ದಾಳೆ. ಉಸಿರಿದೆ, ಎಚ್ಚರವಿದೆ. ಹಣೆ ಹೊಲಿಸಬೇಕು. ಶೆರಿಫ್ ಆಫೀಸಿಗೂ ಆಂಬುಲೆನ್ಸಿಗೂ ಹೇಳಿಯಾಗಿದೆ.

ಮಳೆ ಜೋರಾಗಿ ಬಂತು, ತಿಂಡಿ ಹೊತ್ತಿಗೆ. ಕಿರುಚಾಟ ಕೇಳಿ ಹೊರಗೆ ನೋಡಿದೆ. ರಾಯ್ಸ್ ಅವಳ ರಬ್ಬರ್ ಬೂಟುಗಳನ್ನು ಕೆರೆಗೆ ಎಸೆದ, ಒಂದಾದ ಮೇಲೊಂದು. ಕಟ್ಟರಿನಲ್ಲಿ ಪೆಟ್ಟಿಗೆಯ ಬೀಗ ಕತ್ತರಿಸಿದ. ಪ್ಲಗ್ ಹಾಕಿದ. ಬ್ರೇಕರ್ ಏರಿಸಿದ. ಏಸಿ ಗುಂಯ್ ಅಂತು. ಆಮೇಲೆ ಕೂದಲು ಹಿಡಿದು ಅವಳನ್ನು ಕೆಸರಿನಲ್ಲಿ ಎಳೆದ, ಟ್ರೇಲರನ್ನು ಸುತ್ತುಹಾಕಿಸಿ, ಬಾಗಿಲಿನ ಕಡೆಗೆ.

"ತೆಗಿ ಬಾಗ್ಲು. ನನಗೆ ಕಾಯ್ತಿದ್ದೆ ಅಲ್ವಾ? ತೆಗಿ, ಚಿನ್ನ!"

ಅವಳು ಕೈಗಳನ್ನು ಎದೆಗೆ ಅವುಚಿಕೊಂಡು ಕಾಲು ಝಾಡಿಸುತ್ತಿದ್ದಳು. ಬರಿಗಾಲು. ಅವನು ಬೂಟು ಒತ್ತಿ ಅವಳ ಬೆನ್ನು ತುಳಿದ, ಒಂದು ಕೈ ಬಿಡಿಸಿದ.

ಟ್ರೇಲರ್ ಕಟ್ಟುವ ಕಬ್ಬಿಣದ ಸಲಾಕೆ ನನ್ನ ಮೆಟ್ಟಿಲ ಬಳಿ ಇತ್ತು. ಎಡಗೈಯಲ್ಲಿ ಹಿಡಿದೆ. ಹೇಗೆ ಹೋದೆನೋ. ಮಂಡಿಗೆ ಹೊಡೆದೆ. ಅವನು ಅವಳನ್ನು ಬಿಟ್ಟ. ತಿರುಗಿ ನನ್ನ ಪ್ಲಾಸ್ಟರ್ ಕೈ ಹಿಡಿದು ತಿರುಚಿದ. ಕಣ್ಣಿಗೆ ಕತ್ತಲೆ ಬಂತು. ಕುಂಟುತ್ತಾ ನನ್ನನ್ನು ಟ್ರೇಲರಿನ ಹಿಂದಕ್ಕೆ, ಪೆಟ್ಟಿಗೆಯ ಕಡೆಗೆ ನೂಕಿದ. ಅಲ್ಲಿ ತಲೆಗೆ ಹೊಡೆದೆ. ಬಿದ್ದ. ಬಿದ್ದ ಮೇಲೂ ಹೊಡೆದೆ. ಸುಳ್ಳು ಯಾಕೆ ಬರೆಯಲಿ.

ಟ್ವೈಲಾಳನ್ನು ಹೆಗಲಿಗೆ ಹಾಕಿಕೊಂಡು ಬಂದೆ.

"ಸತ್ನಾ?" ಅಂದಳು.

"ಇಲ್ಲ. ಗೊರಕೆ ತರ ಸದ್ದು ಬರ್ತಿತ್ತು."

"ಹೋಗಿ ನೋಡ್ಲಾ?"

"ಕೂತ್ಕೋ ಸುಮ್ನೆ."

ಸಾಯಲಿಲ್ಲ ಅಂತ ಸಮಾಧಾನವೋ ಬೇಸರವೋ, ತಿಳಿಯುತ್ತಿಲ್ಲ. ಅವಳು ಬದುಕಿದ್ದಾಳೆ. ಅಷ್ಟು ಸಾಕು. ಅವಳ ಕಾಲು ಒರೆಸಿದೆ. ಐಸ್‌ನಂತಿದ್ದವು. ನನ್ನ ಉಲ್ಲನ್ ಕಾಲುಚೀಲ ಹಾಕಿದೆ. "ದೊಡ್ಡದು ನಿಮ್ಮ ಕಾಲು," ಅಂದಳು. ನಕ್ಕೆವು, ಹುಚ್ಚರ ಹಾಗೆ.

ಲೆಡ್‌ಬೆಟರ್‌ನ ಕಾರು ಬಂತು. ಆತುರವೇನಿಲ್ಲ, ಹ್ಯಾಟಿಗೆ ಪ್ಲಾಸ್ಟಿಕ್ ಹಾಕಿಕೊಂಡು ಇಳಿದ. ಇಲ್ಲಿಂದ ಚೆನ್ನಾಗಿ ಕಾಣುತ್ತಿದ್ದಾನೆ. ಕೆಸರಿನಲ್ಲಿ ಪಚಪಚ ನಡೆಯುತ್ತಿದ್ದಾನೆ, ಬೂಟಿನ ತುಂಬ ನೀರು. ರಾಯ್ಸ್ ಬಿದ್ದಿರುವುದು ಆ ಬದಿಗೆ, ಅವನಿಗೆ ಕಾಣುವುದಿಲ್ಲ. ಹೋದ ಸಲದಂತೆಯೇ ನೇರ ಅವರ ಬಾಗಿಲಿಗೆ ಹೊರಟಿದ್ದಾನೆ. "ರಾಯ್ಸ್! ಏಯ್ ರಾಯ್ಸ್!" ಅಂತ ಕರೆಯುತ್ತಿದ್ದಾನೆ.

ಟ್ವೈಲಾ ಎದ್ದು ಕೂತು ಕೇಳುತ್ತಿದ್ದಾಳೆ — ಮಿಸ್ ವೆಲ್ಡಾ, ಬ್ರೇಕರ್ ಇಳಿಸಿದ್ರಾ?

ಇಲ್ಲ, ಇಳಿಸಿ—