ಕಲ್ಲಿನ ಮೇಲಿನ ಮೊದಲ ಹೆಸರು

ಮ್ಯಾನ್‌ಹೈಮ್, ಜರ್ಮನಿ
೧೪ ಅಕ್ಟೋಬರ್ ೨೦೦೨

ತಂಗಿ ಮಹಾಂತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನು ದೇಸಾಯರ ಮನೆಯ ಹಿರಿಯ ಸೊಸೆ, ಮ್ಯಾಟ್ರಿಕ್ ಪಾಸಾದವಳು, ಹತ್ತು ವರ್ಷ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದವಳು. ನಾನು ಬಂದರೆ ಊರೇ ಎದ್ದು ನಿಲ್ಲುತ್ತದೆ. ಆರು ವರ್ಷಗಳಿಂದ ನೀನೊಬ್ಬಳು ಏಳುವುದಿಲ್ಲ. ಆ ಅಕ್ಕನೇ ಇದನ್ನು ಬರೆಯುತ್ತಿದ್ದಾಳೆ. ಹರಿಯದೆ ಓದು.

ಭೂಮಿಕಾಳ ಬಾಣಂತನಕ್ಕೆ ಬಂದು ಎರಡು ತಿಂಗಳಾಯಿತು. ಅಳಿಯ ಪ್ರವೀಣಕುಮಾರ ಇಲ್ಲಿನ ಸರಕಾರ ಕಂಪ್ಯೂಟರಿನವರಿಗೆ ಕೊಡುವ ಗ್ರೀನ್ ಕಾರ್ಡ್ ಮೇಲೆ ಇಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಭೂಮಿಕಾ ಯೂನಿವರ್ಸಿಟಿಯಲ್ಲಿ ಆಫ್ರಿಕಾದ ಕಾದಂಬರಿಗಳನ್ನು ಓದುತ್ತಾಳೆ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಅವನ್ನು ನನಗೆ ಕನ್ನಡದಲ್ಲಿ ಹೇಳುತ್ತಾಳೆ.

ಮೊನ್ನೆ ಹೇಳಿದ ಕಥೆಯಲ್ಲಿ ಆಗತಾನೆ ಸ್ವತಂತ್ರವಾದ ಒಂದು ದೇಶ. ಅಣೆಕಟ್ಟು ಕಟ್ಟಿದರೆ ಬಡತನ ಹೋಗುತ್ತದೆಂದು ಸರಕಾರ ಹೇಳುತ್ತದೆ. ಮುಳುಗುವ ಊರಿನ ಹಿರಿಯಳು ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತುತ್ತಾಳೆ. ಕೊನೆಗೆ ದೀಪ ಹತ್ತುವುದು ರಾಜಧಾನಿಯಲ್ಲಿ. ಹೊಸ ಊರಿಗೆ ಬರೀ ಕಂಬಗಳು ಬರುತ್ತವೆ.

"ಆ ಹಿರಿಯಾಕಿ ಮುಂದ ಏನಾದ್ಲು?" ಎಂದು ಕೇಳಿದೆ.

"ಏನೂ ಆಗಂಗಿಲ್ಲವ್ವ. ಆಮ್ಯಾಲ ಆಕಿ ಹೆಸರು ಯಾರೂ ತಗಿಯಂಗಿಲ್ಲ."

"ಇಂಥಾವೆಲ್ಲ ಓದಿ ಏನ್ ಉದ್ಧಾರ ಆಗ್ತೀಬೇ?" ಎಂದು ಗದರಿದೆ.

"ನಿನಗ್ಯಾಕ ಸಿಟ್ಟು? ಆಫ್ರಿಕಾದ ಕತಿ ಅದು," ಎಂದು ನಕ್ಕಳು. ನಮ್ಮ ಊರು ಅಣೆಕಟ್ಟಿನ ನೀರಿಗೆ ಮುಳುಗುತ್ತದೆಂದು ಖಾಲಿಯಾದಾಗ ಅವಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಅವಳಿಗೇನು ಗೊತ್ತು?

ಆ ದಿನ ನೀನು ನೀಲಾಳ ಸಮಾಧಿಯ ಮೇಲೆ ಕೂತಿದ್ದೆ. ಏಳು ವರ್ಷದ ಮಗಳನ್ನು ತೆಗೆದು ಹೊಸ ಊರಲ್ಲಿ ಮತ್ತೆ ಮಣ್ಣು ಮಾಡುತ್ತೇನೆ, ಒಂದು ತಾಸು ಕೊಡು ಎಂದು ನನ್ನನ್ನು ಬೇಡಿದೆ. ಒಬ್ಬಳಿಗೆ ಬಿಟ್ಟರೆ ಊರೆಲ್ಲ ಗುದ್ದಲಿ ಹಿಡಿಯುತ್ತದೆ, ಅಧಿಕಾರಿಗಳ ಮುಂದೆ ನನ್ನ ಮಾತು ಹೋಗುತ್ತದೆ ಎಂದು ನಾನು ಅಂದುಕೊಂಡೆ. "ಸತ್ತವರಿಗೆ ಯಾವ ಊರಾದರೇನು? ಟ್ರ್ಯಾಕ್ಟರ್ ಹತ್ತು," ಎಂದು ರಟ್ಟೆ ಹಿಡಿದು ಎಬ್ಬಿಸಿದೆ. ನಾಲ್ಕು ದಿನಕ್ಕೆ ಹೊಳೆ ಬಂತು.

ಈ ಮನೆಯ ಕಿಟಕಿಯೆದುರು ಸ್ಮಶಾನವಿದೆ. ಮುದುಕಿಯರು ದಿನವೂ ಬಂದು ತಮ್ಮವರ ಸಮಾಧಿಯ ಹೂಗಿಡಗಳಿಗೆ ನೀರು ಹಾಕುತ್ತಾರೆ. ನಾನು ಪರದೆ ಎಳೆದುಬಿಡುತ್ತೇನೆ.

ಹೊಸ ಊರಿನ ಅಗಸಿ ಬಾಗಿಲಲ್ಲಿ ಕಲ್ಲು ನಿಲ್ಲಿಸಿದ್ದಾರಲ್ಲ, ಊರು ಬಿಡಲು ಮೊದಲು ಒಪ್ಪಿಗೆ ಕೊಟ್ಟವಳೆಂದು ನನ್ನ ಹೆಸರಿರುವುದು. ಆ ಹೆಸರು ತೆಗೆಸಿರಿ ಎಂದು ಪಂಚಾಯಿತಿಯ ಬಸಲಿಂಗಯ್ಯನವರಿಗೆ ಫೋನ್ ಮಾಡಿದೆ. "ಬಾಯಿಸಾಹೇಬ್ರ, ಕಲ್ಲಿನ ಮಾರಿ ಕೆಡ್ತದ್ರಿ," ಎಂದರು. ಮುಖ ಕೆಟ್ಟರೆ ಕೆಡಲಿ ಎಂದೆ. ಕಳೆದ ಸೋಮವಾರ ಉಳಿ ಹಿಡಿದು ಕೆತ್ತಿ ತೆಗೆದಾಯಿತು. ಇನ್ನು ನೀನು ಹಿಂದಿನ ಓಣಿಯಿಂದ ಬಳಸಿ ಬರಬೇಕಾಗಿಲ್ಲ.

ನಿನ್ನ ಅಕ್ಕ,
ಸುಶೀಲಾಬಾಯಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಮ್ಮ ಯಜಮಾನರನ್ನು ನಾನು ಊರು ಬಿಡುವ ಹಿಂದಿನ ದಿನವೇ ಗುಟ್ಟಾಗಿ ಸಮಾಧಿಯಿಂದ ತೆಗೆಸಿ, ಹೊಸ ಹೊಲದಲ್ಲಿ ಮಣ್ಣು ಮಾಡಿಸಿದ್ದೆ. ಅವರ ಮಗ್ಗುಲಲ್ಲೇ ನೀಲಾ ಇದ್ದಳು. ಆಳು ಶಿವಪ್ಪ ಗುದ್ದಲಿ ಹಿಡಿದೇ ನಿಂತಿದ್ದ. "ಈ ಕೂಸನ್ನೂ ತಗೀಲೇನ್ರಿ?" ಎಂದು ಕೇಳಿದ. ಬೇಡ ಎಂದೆ.