ಅಪ್ಪನ ಬೋಳು ಆಮೆ

ಸುಂಬರ್‌ಬಟು, ಬಾಲಿ
ಗಲುಂಗನ್ ಹಬ್ಬ ಕಳೆದ ಮೂರನೆಯ ದಿನ

ಪ್ರೀತಿಯ ನೆಂಗಾ ಅಣ್ಣಾ,

ಹೇಗಿದ್ದೀಯ? ಹಡಗಿನ ಎ.ಸಿ. ಗಾಳಿಗೆ ಹಿಡಿದ ನೆಗಡಿ ಬಿಟ್ಟಿತೇ? ಪ್ರವಾಸಿಗರ ಹಾಸಿಗೆಯ ಮೇಲೆ ಟವಲಿನಲ್ಲಿ ಹಂಸ ಮಡಚಿಡುತ್ತೀಯಂತೆ, ಅಮ್ಮ ಬೀದಿಗೆಲ್ಲ ಸಾರಿದ್ದಾಳೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಜಂಬಕ್ಕೆ ಮಾತ್ರ ಪೆಟ್ಟಾಗಿದೆ.

ನಮ್ಮ ಹವಳದ ದಿಬ್ಬ ಸತ್ತು ಮೀನೆಲ್ಲ ದೂರ ಹೋದದ್ದು ನಿನಗೆ ಗೊತ್ತಲ್ಲ. ನೀನು ಹೋದಮೇಲೆ ಊರವರು ಕೃತಕ ದಿಬ್ಬ ಮಾಡೋಣವೆಂದು ಅಪ್ಪನಿಂದ ಒಂದು ಕಲ್ಲಾಮೆ ಕೆತ್ತಿಸಿದರು, ಕಡಲಿಗಿಳಿಸಿದರೆ ಅದರ ಮೇಲೆ ಹವಳ ಬೆಳೆಯಲಿ ಎಂದು. ಅಪ್ಪ ಬಿಡುತ್ತಾನೆಯೇ? ನೊಣ ಕೂತರೂ ಜಾರಬೇಕು, ಹಾಗೆ ತಿಕ್ಕಿದ. ಹೇರಿದಾಗ ದೋಣಿ ಒಂದೇ ಕಡೆ ವಾಲಿತು. ದೋಣಿಯ ಪುತ್ರಾ ಮಾವ ಇನ್ನೊಂದು ಬದಿಗೆ ಭಾರ ಬೇಕೆಂದು ನಮ್ಮ ಹಂದಿಗೂಡಿನ ಬಾಗಿಲಿಗೆ ಒತ್ತಿಟ್ಟಿದ್ದ ಕಲ್ಲನ್ನು ಹೊತ್ತುಕೊಂಡು ಹೋದ. ಅದೇ, ನೀನು ಕೆತ್ತಿದ್ದ ಆಮೆ! “ಇದು ಆಮೆಯಲ್ಲ ಕಣೋ, ಹಲಸಿನಕಾಯಿ! ನಿನಗೆ ಉಳಿ ಕೊಟ್ಟಿದ್ದು ನಂದೇ ತಪ್ಪು” ಎಂದು ಅಪ್ಪ ಕೂಗಾಡಿ, ನೀನು ಮುನಿಸಿಕೊಂಡು ಹಡಗು ಹತ್ತಿದೆಯಲ್ಲ, ಅದು. ಎರಡನ್ನೂ ಕಡಲಿಗಿಳಿಸಿ ಬಂದರು.

ಎರಡು ವರ್ಷ ಕಳೆದು ಈಗ ನೋಡಿದರೆ ಅಪ್ಪನ ಆಮೆ ಬೋಳು. ಹವಳದ ಮರಿಗಳು ಕಚ್ಚಿಕೊಳ್ಳಲು ಒರಟು ಮೈ ಬೇಕಂತೆ. ನಿನ್ನ ಹಲಸಿನಕಾಯಿಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪ ಹವಳಗಳು, ಅದರ ಬಾಯೊಳಗೆ ಆಕ್ಟೋಪಸ್ ಒಂದು ಮನೆ ಹೂಡಿದೆ. ಅಪ್ಪ ನಂಬಲಿಲ್ಲ. ಈ ವಯಸ್ಸಿನಲ್ಲಿ ತಾನೇ ಮುಳುಗಿ ನೋಡಿದ. ಮೇಲೆ ಬಂದವನು ಆ ದಿನ ಅಮ್ಮ ಮಾಡಿದ ಲಾವಾರ್ ಪಲ್ಯವನ್ನೂ ಮುಟ್ಟಲಿಲ್ಲ. ಊರ ಸಭೆಯಲ್ಲಿ ಇನ್ನಷ್ಟು ಆಮೆಗಳು ಬೇಕು, ಆದರೆ ಒರಟಾಗಿರಲಿ, ಆಗದಿದ್ದರೆ ಪೇಟೆಯಿಂದ ಸಿಮೆಂಟಿನ ದಿಮ್ಮಿ ತರಿಸುತ್ತೇವೆ ಎಂದರು. ಪಾಪ, ಅಪ್ಪ ಒರಟಾಗಿಯೇ ಕೆತ್ತುತ್ತಾನೆ. ಎದ್ದುಹೋಗಿ ಕಾಫಿ ಕುಡಿದು ಬಂದವನೇ ತಿಕ್ಕಿಬಿಡುತ್ತಾನೆ! ಹುಟ್ಟುಗುಣ ಸುಟ್ಟರೂ ಹೋಗದು. “ನಿಮ್ಮಪ್ಪಂಗೆ ಒರಟುತನ ಬರೋದು ಬಾಯಲ್ಲಿ ಮಾತ್ರ” ಎನ್ನುತ್ತಾಳೆ ಅಮ್ಮ. ನನಗೂ ನಗು ಬರುತ್ತದೆ ಅಣ್ಣಾ. ಆದರೆ ಉಳಿ ಹಿಡಿದು ಸುಮ್ಮನೆ ಕೂತಿರುವ ಅವನನ್ನು ಕಂಡರೆ ಸಂಕಟವೂ ಆಗುತ್ತದೆ. ದಿಮ್ಮಿ ಬಂದರೆ ಅವನು ಮತ್ತೆ ಉಳಿ ಮುಟ್ಟುವುದಿಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊಟ್ಟೆ ಕಟ್ಟಬೇಡ, ಸರಿಯಾಗಿ ಉಣ್ಣು.

ನಿನ್ನ ತಂಗಿ,
ಲುಹ್ ರಸ್ಮಿನಿ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದ. “ಹಡಗಿನ ಕೆಲಸ ಸಾಕು, ಮನೆಗೆ ಬಾ ಅಂತ ಬರಿ” ಎಂದ. ಬಾಗಿಲವರೆಗೆ ಹೋಗಿ ತಿರುಗಿ ಬಂದು, “ಅವನು ಕೆತ್ತಿದ್ದನ್ನ ನಾನು ತಿಕ್ಕೋಕೆ ಹೋದ್ರೆ ನನ್ನ ಕೈಮೇಲೆ ಒಂದೇಟು ಬಿಡು ಅಂತಲೂ ಬರಿ” ಎಂದ.