ಬೇವಿನ ಗಿಡದ ಬುಡದ ಎರಡು ನಾಣ್ಯ

ಬೈಲಹೊಂಗಲ
ದಿ. 26-10-2025

ಮಾಲಾ,

ಈ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮನಸ್ಸಾದರೆ ಪೂರ್ತಿ ಓದಿ ಹರಿ. ನಲವತ್ತಾರು ವರ್ಷ ಸುಮ್ಮನಿದ್ದವಳು ಈಗ ಬರೆಯಲು ಕಾರಣವಿದೆ. ರಾಮದುರ್ಗದ ವಿಳಾಸ ಕೊಟ್ಟವನು ನಿನ್ನ ತಮ್ಮ ಭೀಮಶಿ. ಕೊಡುವಾಗ ನನ್ನ ಮುಖ ನೋಡಲಿಲ್ಲ.

ಹೋದ ವರ್ಷ ಸಾಲೆಯಿಂದ ನಿವೃತ್ತಳಾದೆ. ಆಮೇಲೆ ನೆಲದೊಳಗಿನ ಲೋಹ ಹುಡುಕುವ ಯಂತ್ರ ಕೊಂಡೆ. ಉದ್ದನೆಯ ಕೋಲು, ತುದಿಗೊಂದು ತಟ್ಟೆ. ಕೆಳಗೆ ಲೋಹವಿದ್ದರೆ ಕುಂಯ್ ಎನ್ನುತ್ತದೆ. ಕಿತ್ತೂರ ಕೋಟೆಯಂಥ ಕಡೆ ಅದನ್ನು ಒಯ್ಯುವಂತಿಲ್ಲ. ಹಾಗಾಗಿ ಸಂಗೊಳ್ಳಿಯ ನಮ್ಮ ಹೊಲದಲ್ಲೇ ನನ್ನ ಹುಡುಕಾಟ. ಕಳೆ ತೆಗೆಯಲು ಬಂದ ಲಗಮವ್ವ ಒಂದು ದಿನ ನಿಂತು ನೋಡಿ, "ಅಕ್ಕೋರ, ರಿಟಾಯರ್ ಆದಮ್ಯಾಲ ಹೊಲಾ ಕಸಾ ಹೊಡ್ಯಾಕ ಹತ್ತೀರೇನ್ರಿ" ಎಂದಳು.

ನನಗಿಂತ ಮೊದಲು ಬೆಳಗಾವಿಯ ಇಬ್ಬರು ಇಂಥದೇ ಯಂತ್ರ ತಂದು ಅದೇ ಹೊಲ ಹುಡುಕಿ, ಇನ್ನೇನೂ ಉಳಿದಿಲ್ಲ ಎಂದು ಹೋಗಿದ್ದರು. ಅವಸರದವರು. ಕಬ್ಬಿಣದ ಸದ್ದಿನ ಮಗ್ಗುಲಲ್ಲೇ ತಾಮ್ರದ ಸದ್ದು ಅಡಗಿರುತ್ತದೆ. ಅವರು ಉದ್ದಕ್ಕೆ ನಡೆದಲ್ಲಿ ನಾವು ಅಡ್ಡಕ್ಕೆ, ನಿಧಾನ ನಡೆಯಬೇಕು. ಹಾಗೆ ನಡೆದು ಹನ್ನೊಂದು ಎತ್ತಿನ ಲಾಳ, ಎಣಿಕೆಗೆ ಸಿಗದಷ್ಟು ಟ್ರ್ಯಾಕ್ಟರಿನ ನಟ್ಟು, ಮರಾಠರ ಕಾಲದ ಒಂದು ಶಿವರಾಯಿ ತಾಮ್ರದ ದುಡ್ಡು ಸಿಕ್ಕವು. ಆ ದುಡ್ಡನ್ನು ತಹಶೀಲ್ದಾರ ಕಚೇರಿಗೆ ಒಪ್ಪಿಸಿ ರಸೀದಿ ಇಸಿದುಕೊಂಡೆ. ಎರಡು ಸಲ ಇಡೀ ಹೊಲ ಮುಗಿಸಿದೆ. ಸೋಯಾ ಕಿತ್ತ ಮೇಲೆ, ಬನ್ನಿ ಹಬ್ಬದ ಮರುದಿನ, ಮೂರನೆಯ ಸಲ ಹೋದೆ. ಈಗಿನ ಗಡಿಕಲ್ಲಿನಿಂದ ಹದಿನೈದು ಹೆಜ್ಜೆ ಈಚೆಗೆ ಒಂದು ಬೇವಿನ ಗಿಡ ಇದೆ, ಹೇಗೋ ಹುಟ್ಟಿದ್ದು. ಅದರ ಬುಡಕ್ಕೆ ನೇಗಿಲು ಹೋಗುವುದಿಲ್ಲ. ಅಲ್ಲಿ ಯಂತ್ರ ಕೂಗಿತು. ಒಂದು ಗೇಣು ಅಗೆದೆ. ಇದ್ದಿಲ ಚೂರುಗಳ ನಡುವೆ ಕಮಲದ ಚಿತ್ರದ ಇಪ್ಪತ್ತು ಪೈಸೆ ನಾಣ್ಯ, ಎರಡು.

ಮುಂದಿನದು ನಿನಗೆ ಗೊತ್ತಿದ್ದದ್ದೇ. ಆದರೂ ನನ್ನ ಕೈಯಿಂದ ಬರೆದದ್ದು ನಿನ್ನ ಹತ್ತಿರ ಇರಲಿ.

೧೯೭೫ರಲ್ಲಿ, ಉಳುವವನೇ ಒಡೆಯ ಎಂಬ ಕಾನೂನಿನಿಂದ, ನಮ್ಮ ಹೊಲದಲ್ಲಿ ಗೇಣಿಗೆ ಮಾಡುತ್ತಿದ್ದ ಎರಡು ಎಕರೆ ನಿಮ್ಮಪ್ಪ ದುರ್ಗಪ್ಪ ಕಾಕಾನ ಹೆಸರಿಗೆ ಆಯಿತು. ನಕ್ಷೆ ಬೇರೆ ಆಗಲಿಲ್ಲ. ನಟ್ಟ ಕಲ್ಲೇ ಗಡಿ. ಕಲ್ಲು ಹೋದರೂ ಗುರುತು ಉಳಿಯಲೆಂದು ಇಬ್ಬರೂ ಅಪ್ಪಂದಿರು ಕುಣಿಯಲ್ಲಿ ಇದ್ದಿಲು ಸುರಿದರು. ಅವರು ಕಲ್ಲು ತರಲು ತಿರುಗಿದಾಗ ನೀನೊಂದು, ನಾನೊಂದು ನಾಣ್ಯ ಹಾಕಿದೆವು. ಹನ್ನೊಂದು ವರ್ಷ ನಮಗೆ. ನಾಲ್ಕು ವರ್ಷದ ಮೇಲೆ ನಮ್ಮಪ್ಪ ಮಡಿವಾಳೆಪ್ಪ ಆ ಕಲ್ಲನ್ನು ಹದಿನೈದು ಹೆಜ್ಜೆ ನಿಮ್ಮ ಕಡೆ ಸರಿಸಿ, ಕೆಳಗೆ ಹೊಸ ಇದ್ದಿಲು ಹಾಕಿ, ಹಳೆಯ ಕುಣಿಯ ಗುರುತು ಸಿಗದಂತೆ ಮಣ್ಣು ಮುಚ್ಚಿದರು. ನಾಣ್ಯದ ಸಂಗತಿ ನಿನ್ನ ಬಾಯಿಂದ ಕೇಳಿದ್ದ ಕಾಕಾ ಊರಲ್ಲಿ ಹೇಳಿದರು: "ಖರೇ ಗಡಿ ಆದ್ರ ಇದ್ದಲಿ ಜೋಡಿ ಹುಡುಗ್ಯಾರು ಹಾಕಿದ ರೊಕ್ಕಾನೂ ಇರಬೇಕ್ರಿ." ಮರುದಿನ ಹಿರಿಯರು ಅಗೆಸಿದರು. ಇದ್ದಿಲು ಇತ್ತು, ರೊಕ್ಕ ಇರಲಿಲ್ಲ. ನಮ್ಮಿಬ್ಬರನ್ನೂ ಕೇಳಿದರು. ನೀನು ಹಾಕಿದ್ದೇವೆ ಎಂದೆ. ನಾನು "ನಾವೇನೂ ಹಾಕಿಲ್ರಿ" ಎಂದೆ. ಆವತ್ತಿನಿಂದ ಸಾಯುವತನಕ ಊರು ಕಾಕಾನನ್ನು ಸುಳ್ಳ ದುರ್ಗಪ್ಪ ಎಂದೇ ಕರೆಯಿತು.

ಅಗೆಸಿದ ದಿನ ಮುಂಜಾನೆ ಅಪ್ಪ ನನಗೆ ಹೇಳಿದ್ದರು, ಖರೇ ಹೇಳಿದರೆ ಬೈಲಹೊಂಗಲದ ಹೈಸ್ಕೂಲು ಇವತ್ತಿಗೇ ಸಾಕು ಎಂದು. ನಾನು ಸಾಲೆ ಉಳಿಸಿಕೊಂಡೆ. ಆಮೇಲೆ ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದೆ. ನನಗೆ ನಾಚಿಕೆಯಾಗುತ್ತದೆ, ಮಾಲಾ.

ಈಗ ನನ್ನ ತಮ್ಮ ಗೌರೀಶ ಹೊಲ ಮಾರಲು ಹೊರಟಿದ್ದಾನೆ. ಮಾರಿದರೆ ಗಿಡವೂ ಹೋಗುತ್ತದೆ, ಗುರುತೂ ಹೋಗುತ್ತದೆ. ನಾಣ್ಯದ ಮಾತು ತೆಗೆದದ್ದಕ್ಕೆ, "ಸತ್ತ ಅಪ್ಪನ ಹೆಸರ ಕೆಡಸ್ತೀ ಏನಕ್ಕಾ" ಎಂದ. ಸತ್ತ ದುರ್ಗಪ್ಪ ಕಾಕಾನ ಹೆಸರು ಕೆಡಿಸಿದವಳು ನಾನು ಎಂದೆ. ಊಟ ಬಿಟ್ಟು ಎದ್ದು ಹೋದ. ಆದರೆ ಪಹಣಿಯಲ್ಲಿ ನನ್ನ ಹೆಸರೂ ಇದೆ, ನನ್ನ ಸಹಿ ಇಲ್ಲದೆ ಮಾರಾಟ ಇಲ್ಲ. ಗಡಿ ಅಳೆಸಲು ಅರ್ಜಿ ಕೊಟ್ಟಿದ್ದೇನೆ. ನವೆಂಬರ್ ಹತ್ತಕ್ಕೆ, ಸೋಮವಾರ, ಸರ್ವೆಯವರು ಬರುತ್ತಾರೆ. ಭೀಮಶಿಗೂ ನೋಟಿಸು ಹೋಗಿದೆ.

ನಾಣ್ಯಗಳನ್ನು ನಾನು ತೆಗೆದಿಲ್ಲ. ಇದ್ದಹಾಗೆ ಮಣ್ಣು ಮುಚ್ಚಿ ಬಂದಿದ್ದೇನೆ. ಎಲ್ಲರ ಎದುರು ನೀನೇ ತೆಗೆಯಬೇಕು. ಯಾರು ಹಾಕಿದ್ದೆಂದು ಕೇಳಿದರೆ ಈ ಸಲ ಮೊದಲು ನಾನು ಹೇಳುತ್ತೇನೆ. ಆಮೇಲೆ ನನ್ನ ಜೊತೆ ಮಾತಾಡುವುದು, ಬಿಡುವುದು ನಿನ್ನ ಇಷ್ಟ. ಆದರೆ ಬಾ.

ರಾಜೇಶ್ವರಿ

ತಾ.ಕ.: ಎರಡು ಸಲ ಇಡೀ ಹೊಲ ಮುಗಿಸಿದೆ ಎಂದು ಮೇಲೆ ಬರೆದೆನಲ್ಲ, ಅದು ಖರೇ ಅಲ್ಲ. ಎರಡೂ ಸಲ ಬೇವಿನ ಗಿಡದ ಸುತ್ತ ಹತ್ತು ಹೆಜ್ಜೆ ಬಿಟ್ಟೇ ನಡೆದೆ. ಗಿಡ ಹೇಗೋ ಹುಟ್ಟಿದ್ದು ಎಂಬುದೂ ಖರೇ ಅಲ್ಲ. ಅಪ್ಪ ಕಲ್ಲು ಸರಿಸಿದ ಮಳೆಗಾಲದಲ್ಲಿ, ಹಳೆಯ ಕುಣಿಯ ಮೇಲೆ, ಆ ಬೀಜ ಊರಿದವಳು ನಾನೇ.